ಮನೆ ಚಾರ್ಜರ್‌ಗೆ ಸಹಾಯಧನ: ಮೊದಲು ಅರ್ಜಿ, ಆಮೇಲೆ ಡ್ರಿಲ್ಲು

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ವಾರದಲ್ಲೇ ಹೆಚ್ಚಿನವರು ಚಾರ್ಜರ್ ಆರ್ಡರ್ ಮಾಡುತ್ತಾರೆ, ಎಲೆಕ್ಟ್ರೀಷಿಯನ್ನರನ್ನು ಕರೆಸಿ ಗೋಡೆಗೆ ಕೂರಿಸುತ್ತಾರೆ, ಆಮೇಲೆ ಸರ್ಕಾರದಿಂದ ಏನಾದರೂ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಸಹಾಯಧನ ಕೈತಪ್ಪುವುದು ಬಹುಮಟ್ಟಿಗೆ ಇಲ್ಲೇ. ಚಾರ್ಜರ್ ಒಳ್ಳೆಯದಿರುತ್ತದೆ, ವೈರಿಂಗ್ ಸರಿಯಿರುತ್ತದೆ, ಅರ್ಹತೆಯೂ ಇರುತ್ತದೆ. ಬಿಲ್ಲಿನ ತಾರೀಖು ಮಾತ್ರ ಮಂಜೂರಾತಿ ಪತ್ರಕ್ಕಿಂತ ಹಿಂದಿನದು. ಅರ್ಜಿ ತಿರಸ್ಕರಿಸಲು ಅಷ್ಟೇ ಸಾಕು.

ದುಡ್ಡು ಯಾವ ದಾರಿಯಲ್ಲಿ ಬರುತ್ತದೆ?

ಮೊದಲು ತಿಳಿಯಬೇಕಾದ್ದು ಮೊತ್ತವಲ್ಲ, ದಾರಿ. ಇದರಲ್ಲಿ ಮೂರು ಬಗೆ.

ಒಂದನೆಯದು, ಮೊದಲು ಮಂಜೂರಾತಿ, ಕೆಲಸ ಮುಗಿದ ಮೇಲೆ ಹಣ. ಜರ್ಮನಿಯ ಸರ್ಕಾರಿ ಅಭಿವೃದ್ಧಿ ಬ್ಯಾಂಕ್ ಕೆಎಫ್‌ಡಬ್ಲ್ಯೂ 2020ರ ನವೆಂಬರ್‌ನಲ್ಲಿ ಆರಂಭಿಸಿದ ಯೋಜನೆ ಈ ಬಗೆಯದು. ಒಂದು ಚಾರ್ಜಿಂಗ್ ಪಾಯಿಂಟ್‌ಗೆ 900 ಯೂರೊ. ಆದರೆ ಚಾರ್ಜರ್ ಆರ್ಡರ್ ಮಾಡುವ ಮೊದಲೇ ಅರ್ಜಿ ಹಾಕಿರಬೇಕಿತ್ತು. ಇನ್ನೊಂದು ಷರತ್ತೂ ಇತ್ತು: ಒಟ್ಟು ಖರ್ಚು 900 ಯೂರೊಗಿಂತ ಕಡಿಮೆಯಾದರೆ ಏನೂ ಇಲ್ಲ. ಅಗ್ಗದ ಚಾರ್ಜರ್ ಹುಡುಕಿ ಜಾಣತನ ಮಾಡಿದವರಿಗೆ ಇದು ದುಬಾರಿಯಾಯಿತು.

ಎರಡನೆಯದು, ಬಿಲ್ಲಿನಲ್ಲೇ ಕಡಿತ. ಸ್ವೀಡನ್‌ನಲ್ಲಿ 2021ರಿಂದ ಚಾರ್ಜರ್ ಅಳವಡಿಸುವ ಕಂಪನಿಯೇ ಸಾಮಗ್ರಿ ಮತ್ತು ಕೂಲಿಯ ಅರ್ಧದಷ್ಟನ್ನು ಬಿಲ್ಲಿನಿಂದ ಕಳೆದು, ಆ ಹಣವನ್ನು ತೆರಿಗೆ ಇಲಾಖೆಯಿಂದ ಪಡೆಯುವ ವ್ಯವಸ್ಥೆ ಬಂತು. ದೆಹಲಿಯ 2020ರ ವಿದ್ಯುತ್ ವಾಹನ ನೀತಿಯಲ್ಲಿ ಮೊದಲ 30,000 ಚಾರ್ಜಿಂಗ್ ಪಾಯಿಂಟ್‌ಗಳಿಗೆ ತಲಾ 6,000 ರೂಪಾಯಿವರೆಗೆ ಸಹಾಯಧನವಿತ್ತು; ಗ್ರಾಹಕರು ಕಟ್ಟಬೇಕಾದ್ದು ಅದನ್ನು ಕಳೆದು ಉಳಿದ ಮೊತ್ತ ಮಾತ್ರ. ಇಂಥ ಯೋಜನೆಗಳಲ್ಲಿ ನಿಮ್ಮ ಕೆಲಸ ಹಗುರ, ಆದರೆ ನೋಂದಾಯಿತ ಗುತ್ತಿಗೆದಾರರನ್ನು ಬಿಟ್ಟು ಪರಿಚಯದವರಿಂದ ಮಾಡಿಸಿದರೆ ಎಲ್ಲವೂ ಹೋಯಿತು.

ಮೂರನೆಯದು ತೆರಿಗೆ ರಿಯಾಯಿತಿ. ಅಮೆರಿಕದಲ್ಲಿ 8911 ಸಂಖ್ಯೆಯ ನಮೂನೆ ತುಂಬಿದರೆ ಖರ್ಚಿನ ಶೇ 30, ಗರಿಷ್ಠ 1,000 ಡಾಲರ್. 2023ರಿಂದ ಇದು ಕಡಿಮೆ ಆದಾಯದ ಅಥವಾ ನಗರೇತರ ಎಂದು ಗುರುತಿಸಿದ ಪ್ರದೇಶಗಳ ಮನೆಗಳಿಗಷ್ಟೇ. 2025ರಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜೂನ್ 30ರೊಳಗೆ ಚಾರ್ಜರ್ ಬಳಕೆಗೆ ಬಂದಿರಬೇಕು. ಈ ರಿಯಾಯಿತಿ ಕಟ್ಟಬೇಕಾದ ತೆರಿಗೆಯನ್ನು ಇಳಿಸುತ್ತದೆಯೇ ಹೊರತು ಕೈಗೆ ನಗದು ಕೊಡುವುದಿಲ್ಲ. ತೆರಿಗೆಯೇ ಇಲ್ಲದವರಿಗೆ ಸಿಗುವುದು ಸೊನ್ನೆ.

ನಿಯಮ ಓದುವಾಗ ಹುಡುಕಬೇಕಾದ ಸಾಲುಗಳು

ಯೋಜನೆಯ ಜಾಹೀರಾತು ಒಂದು ಪುಟ, ಷರತ್ತುಗಳು ಇಪ್ಪತ್ತು ಪುಟ. ಓದಬೇಕಾದ್ದು ಎರಡನೆಯದನ್ನು. ಯಾರಿಗೆ ಎಂಬುದು ಮೊದಲ ಪ್ರಶ್ನೆ, ಏಕೆಂದರೆ ಅದೇ ಆಗಾಗ ಬದಲಾಗುವುದು. ಬ್ರಿಟನ್ನಿನ ಯೋಜನೆ ಮೊದಲು ಸ್ವಂತ ಮನೆಯವರಿಗೂ ಇತ್ತು. 2022ರ ಏಪ್ರಿಲ್‌ನಲ್ಲಿ ಒಂಟಿ ಮನೆಗಳ ಮಾಲೀಕರನ್ನು ಕೈಬಿಟ್ಟು ಬಾಡಿಗೆದಾರರು ಮತ್ತು ಫ್ಲಾಟ್ ಮಾಲೀಕರ ಕಡೆಗೆ ತಿರುಗಿತು. ಹಳೆಯ ಸುದ್ದಿ ಓದಿ ಹೊರಟರೆ ಹೀಗೆ ಬಾಗಿಲು ಮುಚ್ಚಿರುತ್ತದೆ.

ನಂತರ ನೋಡಬೇಕಾದ್ದು: ಕಾರು ಈಗಾಗಲೇ ನಿಮ್ಮ ಹೆಸರಿನಲ್ಲಿರಬೇಕೇ, ಬುಕಿಂಗ್ ರಸೀದಿ ಸಾಕೇ? ರಸ್ತೆಯಿಂದಾಚೆ ಸ್ವಂತ ಪಾರ್ಕಿಂಗ್ ಜಾಗ ಕಡ್ಡಾಯವೇ? ಯಾವ ಖರ್ಚು ಲೆಕ್ಕಕ್ಕೆ ಬರುತ್ತದೆ? ಚಾರ್ಜರ್, ಕೇಬಲ್, ಸುರಕ್ಷತಾ ಸಾಧನ, ಕೂಲಿ ಇವು ಸಾಮಾನ್ಯವಾಗಿ ಬರುತ್ತವೆ. ಮಂಜೂರಾದ ಲೋಡ್ (ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಹೆಚ್ಚಿಸಲು ವಿದ್ಯುತ್ ಕಂಪನಿಗೆ ಕಟ್ಟುವ ಹಣ, ನೆಲ ಅಗೆದು ಪೈಪ್ ಹಾಕುವ ಕೆಲಸ ಇವು ಕೆಲವು ಕಡೆ ಬರುತ್ತವೆ, ಕೆಲವು ಕಡೆ ಇಲ್ಲ. ಇದನ್ನು ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ.

ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಪತ್ರ, ಅಪಾರ್ಟ್‌ಮೆಂಟ್ ಆದರೆ ಸಂಘದ ಒಪ್ಪಿಗೆ ಬೇಕಾಗುತ್ತದೆ. ಪತ್ರದಲ್ಲಿ ಪಾರ್ಕಿಂಗ್ ಜಾಗದ ಸಂಖ್ಯೆ, ಕೇಬಲ್ ಹೋಗುವ ದಾರಿ, ಕರೆಂಟು ಯಾರ ಮೀಟರ್‌ನಿಂದ ಎಂಬ ಮೂರೂ ಇರಲಿ. ‘ಚಾರ್ಜರ್ ಹಾಕಲು ಅಭ್ಯಂತರವಿಲ್ಲ’ ಎಂಬ ಒಂದು ಸಾಲಿನ ಪತ್ರ ಮುಂದೆ ಬೇಸ್‌ಮೆಂಟಿನ ಗೋಡೆ ಕೊರೆಯುವಾಗ ಜಗಳಕ್ಕೆ ಕಾರಣ. ಸಾಮಾನ್ಯ ಮೀಟರ್‌ನಿಂದ ಎಳೆದರೆ ಪ್ರತ್ಯೇಕ ಉಪ ಮೀಟರ್ ಇಲ್ಲದೆ ಲೆಕ್ಕ ಬಗೆಹರಿಯುವುದಿಲ್ಲ.

ಎಷ್ಟು ಕಿಲೋವ್ಯಾಟ್ ಬೇಕು?

ಹಣ ಹೆಚ್ಚು ಪೋಲಾಗುವ ಹಂತ ಇದು. 230 ವೋಲ್ಟ್ ಸಿಂಗಲ್ ಫೇಸ್‌ನಲ್ಲಿ 16 ಆಂಪ್ ಎಂದರೆ 3.7 ಕಿಲೋವ್ಯಾಟ್, 32 ಆಂಪ್ ಎಂದರೆ 7.4. ತ್ರೀ ಫೇಸ್‌ನಲ್ಲಿ ಅವೇ ಆಂಪ್‌ಗಳಿಗೆ 11 ಮತ್ತು 22 ಕಿಲೋವ್ಯಾಟ್. ದೊಡ್ಡದು ಕೊಂಡರೆ ಬೇಗ ತುಂಬುತ್ತದೆ ಎನ್ನುವುದು ಅರ್ಧ ಸತ್ಯ. ಮನೆಯ ಚಾರ್ಜರ್ ಕೊಡುವುದು ಎ.ಸಿ. (ದಿಕ್ಕು ಬದಲಿಸುತ್ತಲೇ ಇರುವ) ಕರೆಂಟು; ಅದನ್ನು ಡಿ.ಸಿ. (ಒಂದೇ ದಿಕ್ಕಿನದು) ಮಾಡಿ ಬ್ಯಾಟರಿಗೆ ತುಂಬುವುದು ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್. ಅದರ ಸಾಮರ್ಥ್ಯ 7.2 ಕಿಲೋವ್ಯಾಟ್ ಇದ್ದರೆ ಗೋಡೆಯ ಮೇಲೆ 22 ಇದ್ದರೂ 7.2ರ ಮೇಲೆ ಹೋಗದು. ಇದಕ್ಕಿಂತ ತಮಾಷೆಯ ಸಂಗತಿಯಿದೆ: ಸಿಂಗಲ್ ಫೇಸ್ ಆನ್‌ಬೋರ್ಡ್ ಚಾರ್ಜರ್ ಇರುವ ಕಾರನ್ನು 11 ಕಿಲೋವ್ಯಾಟ್‌ನ ತ್ರೀ ಫೇಸ್ ಚಾರ್ಜರ್‌ಗೆ ಸಿಕ್ಕಿಸಿದರೆ ಅದು ಒಂದೇ ಫೇಸ್‌ನಿಂದ 16 ಆಂಪ್ ಎಳೆಯುತ್ತದೆ, ಅಂದರೆ 3.7. ಅಗ್ಗದ 7.4ರ ಚಾರ್ಜರ್ ಇದಕ್ಕಿಂತ ಎರಡು ಪಟ್ಟು ವೇಗ.

ಬ್ಯಾಟರಿ 40 ಕಿಲೋವ್ಯಾಟ್ ಅವರ್ ಎಂದಿಟ್ಟುಕೊಳ್ಳಿ. ಪೂರ್ತಿ ಖಾಲಿಯಿಂದ ತುಂಬಲು 3.7ರಲ್ಲಿ 11 ಗಂಟೆಗೂ ಹೆಚ್ಚು, 7.4ರಲ್ಲಿ ಆರು ಗಂಟೆ. ದಿನಾ ಪೂರ್ತಿ ಖಾಲಿ ಮಾಡುವವರು ಕಡಿಮೆ. ರಾತ್ರಿಯಿಡೀ ನಿಂತಿರುವ ಕಾರಿಗೆ ಹೆಚ್ಚಿನ ಮನೆಗಳಲ್ಲಿ 3.7 ಕೂಡ ಸಾಲುತ್ತದೆ. ಯೋಜನೆಗಳೂ ಮೇಲ್ಮಿತಿ ಹಾಕುತ್ತವೆ. ಮೇಲೆ ಹೇಳಿದ ಜರ್ಮನಿಯ ಯೋಜನೆಯಲ್ಲಿ ಮಿತಿ 11 ಕಿಲೋವ್ಯಾಟ್ ಆಗಿತ್ತು.

ಈಗ ಮನೆಯ ಲೋಡ್ ಲೆಕ್ಕ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ನೋಡಿ. ಅದು 5 ಕಿಲೋವ್ಯಾಟ್ ಇದ್ದು ಗೀಸರ್, ಎ.ಸಿ. ಎರಡೂ ಓಡುತ್ತಿದ್ದರೆ 7.4ರ ಚಾರ್ಜರ್‌ಗೆ ಜಾಗವೇ ಇಲ್ಲ. ದಾರಿ ಎರಡು: ಲೋಡ್ ಹೆಚ್ಚಿಸಲು ಅರ್ಜಿ ಹಾಕುವುದು, ಇಲ್ಲವೇ ಮನೆಯ ಬಳಕೆ ಏರಿದಾಗ ತಾನಾಗಿಯೇ ಆಂಪ್ ಇಳಿಸಿಕೊಳ್ಳುವ ಚಾರ್ಜರ್ ಹಾಕುವುದು. ಎರಡನೆಯದಕ್ಕೆ ಮೀಟರ್ ಬಳಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಕೂರಿಸಬೇಕು. ಅದು ಫೇಸ್ ತಂತಿಯೊಂದನ್ನೇ ಸುತ್ತುವರಿಯಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಒಳಗೆ ಸೇರಿಸಿದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ರದ್ದು ಮಾಡಿ ಕ್ಲ್ಯಾಂಪ್ ಸೊನ್ನೆ ತೋರಿಸುತ್ತದೆ. ಮನೆಯಲ್ಲಿ ಏನೂ ಓಡುತ್ತಿಲ್ಲವೆಂದು ನಂಬಿದ ಚಾರ್ಜರ್ ಪೂರ್ತಿ ಎಳೆಯುತ್ತದೆ, ಮುಖ್ಯ ಎಂಸಿಬಿ (ಕರೆಂಟು ಮಿತಿ ಮೀರಿದಾಗ ತಾನಾಗಿಯೇ ಕಡಿಯುವ ಸ್ವಿಚ್ಚು) ಬೀಳುತ್ತದೆ. ಲೋಡ್ ಹೆಚ್ಚಿಸುವುದಾದರೆ ಸಹಾಯಧನದ ಗಡುವಿನೊಳಗೆ ಅದು ಮುಗಿಯುತ್ತದೆಯೇ ಎಂದು ಮೊದಲೇ ಕೇಳಿ, ಎರಡೂ ಅರ್ಜಿಗಳನ್ನು ಒಟ್ಟಿಗೇ ಹಾಕಿ.

ಪಟ್ಟಿಯಲ್ಲಿರುವ ಮಾದರಿ, ಪೂರ್ತಿ ಹೆಸರಿನೊಂದಿಗೆ

ಬಹುತೇಕ ಯೋಜನೆಗಳು ಅನುಮೋದಿತ ಚಾರ್ಜರ್‌ಗಳ ಪಟ್ಟಿ ಇಟ್ಟಿರುತ್ತವೆ. ಒಂದೇ ಕಂಪನಿಯ ಒಂದೇ ಪೆಟ್ಟಿಗೆ ಇಂಟರ್ನೆಟ್ ಸಂಪರ್ಕವಿರುವುದು, ಇಲ್ಲದ್ದು ಎಂದು ಎರಡು ಮಾದರಿಗಳಲ್ಲಿ ಬರುತ್ತದೆ. ವ್ಯತ್ಯಾಸ ಮಾದರಿ ಸಂಖ್ಯೆಯ ಕೊನೆಯ ಎರಡು ಅಕ್ಷರಗಳಲ್ಲಿ. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ಸಹಾಯಧನ ಕೊಡುವವರಿಗೆ ಸ್ಮಾರ್ಟ್, ಅಂದರೆ ಇಂಟರ್ನೆಟ್ ಸಂಪರ್ಕವಿರುವ ಚಾರ್ಜರ್ ಬೇಕಾಗುವುದಕ್ಕೆ ಕಾರಣವಿದೆ: ಸಂಜೆ ಎಲ್ಲರೂ ಮನೆಗೆ ಬಂದು ಒಟ್ಟಿಗೆ ಪ್ಲಗ್ ಸಿಕ್ಕಿಸಿದರೆ ಬೀದಿಯ ಟ್ರಾನ್ಸ್‌ಫಾರ್ಮರ್ ತಾಳುವುದಿಲ್ಲ. ಬ್ರಿಟನ್ 2022ರ ಜೂನ್ 30ರಿಂದ ಹೊಸ ಮನೆ ಚಾರ್ಜರ್‌ಗಳು ಬೇಡಿಕೆ ಕಡಿಮೆಯಿರುವ ಹೊತ್ತಿಗೆ ಮೊದಲೇ ಹೊಂದಿಸಿ ಬರಬೇಕೆಂದೂ, 10 ನಿಮಿಷದವರೆಗಿನ ಯಾದೃಚ್ಛಿಕ (ಒಂದೊಂದು ಚಾರ್ಜರ್‌ಗೂ ಬೇರೆ ಬೇರೆಯಾದ) ವಿಳಂಬ ಇರಬೇಕೆಂದೂ ನಿಯಮ ಮಾಡಿತು. ಪ್ಲಗ್ ಹಾಕಿದ ಕೂಡಲೇ ಚಾರ್ಜ್ ಆಗದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ.

ಗೋಡೆಯ ಸಾಮಾನ್ಯ ಸಾಕೆಟ್ಟನ್ನೇ ಚಾರ್ಜಿಂಗ್ ಪಾಯಿಂಟ್ ಎಂದು ತೋರಿಸುವ ಯೋಚನೆ ಬಿಡಿ. ಗಂಟೆಗಟ್ಟಲೆ ಪೂರ್ತಿ ಲೋಡ್ ಎಳೆಯಲು ಅದನ್ನು ಮಾಡಿಲ್ಲ. ಬಳಸಿ ಬಳಸಿ ಅದರ ಹಿಡಿತ ಸಡಿಲವಾಗಿ, ಕಾದು, ಪ್ಲಾಸ್ಟಿಕ್ ಕರಗುತ್ತದೆ.

ಕೊಟೇಶನ್ ಮತ್ತು ವೈರಿಂಗ್

ಎರಡು ಮೂರು ಕಡೆಯಿಂದ ಕೊಟೇಶನ್ ತರಿಸಿ. ಅದರಲ್ಲಿ ಚಾರ್ಜರ್ ಮಾದರಿ, ಕೇಬಲ್‌ನ ಗಾತ್ರ ಮತ್ತು ಉದ್ದ, ರಕ್ಷಣಾ ಸಾಧನಗಳ ವಿಧ, ಅರ್ತಿಂಗ್ ಕೆಲಸ, ಕೂಲಿ ಇವೆಲ್ಲ ಬೇರೆ ಬೇರೆ ಸಾಲುಗಳಲ್ಲಿರಲಿ. ‘ಎಲ್ಲ ಸೇರಿ ಇಷ್ಟು’ ಎಂಬ ಕೊಟೇಶನ್ ಸಹಾಯಧನದ ಅರ್ಜಿಗೆ ಕೆಲಸಕ್ಕೆ ಬಾರದು. ಮಂಜೂರಾತಿ ಮೊದಲು ಬೇಕಿರುವ ಯೋಜನೆಯಾದರೆ ಸಹಿ ಹಾಕಬೇಡಿ, ಮುಂಗಡವನ್ನೂ ಕೊಡಬೇಡಿ; ಮುಂಗಡದ ರಸೀದಿಯನ್ನೇ ‘ಕೆಲಸ ಆರಂಭವಾಗಿದೆ’ ಎಂಬುದಕ್ಕೆ ಪುರಾವೆಯಾಗಿ ಹಿಡಿಯಬಹುದು.

ಕೇಬಲ್ ಗಾತ್ರ ಉದ್ದದ ಮೇಲೆ ನಿಂತಿದೆ. 32 ಆಂಪ್ ಸಿಂಗಲ್ ಫೇಸ್ ಚಾರ್ಜರ್‌ಗೆ 6 ಚದರ ಮಿಲಿಮೀಟರ್ ತಾಮ್ರದ ಕೇಬಲ್ ಹೆಚ್ಚಾಗಿ ಹಾಕುತ್ತಾರೆ. ಮೀಟರ್ ಬೋರ್ಡ್‌ನಿಂದ ಪಾರ್ಕಿಂಗ್‌ಗೆ 30 ಮೀಟರ್ ಇದ್ದರೆ, ಬಿಸಿಯಾದ ಕೇಬಲ್‌ನಲ್ಲಿ ಸುಮಾರು 7 ವೋಲ್ಟ್ ಇಳಿಯುತ್ತದೆ, ಅಂದರೆ ಶೇ 3. ಅದೇ ದೂರಕ್ಕೆ 10 ಚದರ ಮಿಲಿಮೀಟರ್ ಹಾಕಿದರೆ ಇಳಿತ 4 ವೋಲ್ಟ್‌ನ ಆಸುಪಾಸು. ಸಂಜೆ ವೋಲ್ಟೇಜ್ ಮೊದಲೇ ಕಡಿಮೆಯಿರುವ ಕಡೆ ಈ ಮೂರು ವೋಲ್ಟ್‌ಗೂ ಬೆಲೆಯಿದೆ: ವೋಲ್ಟೇಜ್ ಮಿತಿಗಿಂತ ಕೆಳಗೆ ಹೋದರೆ ಚಾರ್ಜರ್ ನಡುವೆಯೇ ನಿಲ್ಲುತ್ತದೆ. ಅನೇಕ ಕೇಬಲ್‌ಗಳ ಜೊತೆ ಒಂದೇ ಪೈಪಿನಲ್ಲಿ ತುರುಕಿದರೆ ಅಥವಾ ಬಿಸಿಲಿಗೆ ಒಡ್ಡಿದರೆ ಕೇಬಲ್ ಹೊರುವ ಆಂಪ್ ಇನ್ನೂ ಇಳಿಯುತ್ತದೆ.

ಚಾರ್ಜರ್‌ಗೆ ಪ್ರತ್ಯೇಕ ಸರ್ಕ್ಯೂಟ್ ಇರಲೇಬೇಕು. 32 ಆಂಪ್ ಲೋಡ್ ಸತತವಾಗಿ ಐದಾರು ಗಂಟೆ ಓಡುವುದರಿಂದ 40 ಆಂಪ್ ಎಂಸಿಬಿ ವಾಡಿಕೆ. 32ರದ್ದೇ ಹಾಕಿದರೆ, ಅದೂ ಬೇರೆ ಎಂಸಿಬಿಗಳ ನಡುವೆ ಒತ್ತಾಗಿ ಕೂರಿಸಿದರೆ, ಕಾದು ನಡುರಾತ್ರಿ ಬೀಳುತ್ತದೆ. ಆದರೆ ಎಂಸಿಬಿ ದೊಡ್ಡದಾದರೆ ಕೇಬಲ್ ಅದನ್ನು ತಾಳುವಂತಿರಬೇಕು ಎಂಬುದನ್ನು ಮರೆಯುವಂತಿಲ್ಲ.

ಸೋರಿಕೆ ಕರೆಂಟಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಸೋರಿಕೆ ಕಂಡೊಡನೆ ಕರೆಂಟು ಕಡಿದು ಶಾಕ್ ತಪ್ಪಿಸುವ ಸ್ವಿಚ್ಚು) ಬೇಕು, ಅದು ಯಾವ ಟೈಪ್‌ನದು ಎಂಬುದೇ ಮುಖ್ಯ. ಹಳೆಯ ಮನೆಗಳಲ್ಲಿರುವ ಎ.ಸಿ. ಟೈಪ್ ಇಲ್ಲಿ ಸಲ್ಲದು. ಕಾರಿನ ಒಳಗಿನಿಂದ ಏರಿಳಿತವಿಲ್ಲದ ಡಿ.ಸಿ. ಸೋರಿಕೆ ಬಂದರೆ ಆ ಆರ್‌ಸಿಸಿಬಿಯ ಕಬ್ಬಿಣದ ತಿರುಳು ಕಾಂತತ್ವದಿಂದ ತುಂಬಿಹೋಗಿ, ನಿಜವಾದ ಶಾಕ್ ಸಂದರ್ಭದಲ್ಲೂ ಬೀಳದೆ ಕೂರಬಹುದು. ಚಾರ್ಜರ್‌ನಲ್ಲೇ 6 ಮಿಲಿಆಂಪ್ ಡಿ.ಸಿ. ಪತ್ತೆ ವ್ಯವಸ್ಥೆ ಇದ್ದರೆ ಟೈಪ್ ಎ ಸಾಕು. ಇಲ್ಲದಿದ್ದರೆ ದುಬಾರಿಯಾದ ಟೈಪ್ ಬಿ. ಅದನ್ನು ಹಳೆಯ ಆರ್‌ಸಿಸಿಬಿಯ ಕೆಳಗೆ ಸರಣಿಯಲ್ಲಿ ಜೋಡಿಸಿದರೆ ಮೇಲಿನದು ಕುರುಡಾಗುತ್ತದೆ. ಮೀಟರ್ ನಂತರ ನೇರವಾಗಿ ಕವಲು ತೆಗೆಯಬೇಕು.

ಅರ್ತಿಂಗ್ ಕೆಟ್ಟಿದ್ದರೆ ಒಳ್ಳೆಯ ಚಾರ್ಜರ್‌ಗಳು ಶುರುವೇ ಆಗುವುದಿಲ್ಲ, ಕೆಂಪು ದೀಪ ಹಚ್ಚಿ ಕೂರುತ್ತವೆ. ಅದನ್ನು ‘ಸರಿಪಡಿಸಲು’ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿಬಿಡುವ ಎಲೆಕ್ಟ್ರೀಷಿಯನ್ನರು ಇದ್ದಾರೆ. ಇದಕ್ಕೆ ಎಂದೂ ಒಪ್ಪಬೇಡಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಾರಿನ ಇಡೀ ಮೈ ಕರೆಂಟು ಹರಿಯುವ ತಂತಿಯಂತಾಗುತ್ತದೆ, ಅದನ್ನು ಮುಟ್ಟುವವರು ಒದ್ದೆ ನೆಲದ ಮೇಲೆ ನಿಂತಿರುತ್ತಾರೆ.

ಕಾಗದ, ಫೋಟೊ, ಹೆಸರು

ಕೆಲಸ ಶುರುವಾಗುವ ಮೊದಲು ಖಾಲಿ ಗೋಡೆಯ ಫೋಟೊ, ಮುಗಿದ ಮೇಲೆ ಚಾರ್ಜರ್, ಪಾರ್ಕಿಂಗ್ ಜಾಗ ಎರಡೂ ಒಂದೇ ಚೌಕಟ್ಟಿನಲ್ಲಿ, ಸರಣಿ ಸಂಖ್ಯೆ ಓದಲು ಬರುವಂತೆ ಚಾರ್ಜರ್‌ನ ಹೆಸರು ಫಲಕ, ಬೋರ್ಡ್ ತೆರೆದಾಗ ಹೊಸ ಎಂಸಿಬಿ ಮತ್ತು ಆರ್‌ಸಿಸಿಬಿ, ಇವೆಲ್ಲದರ ಫೋಟೊ ಇರಲಿ. ಫಲಕವು ಗೋಡೆಯ ಕಡೆಗಿರುವ ಚಾರ್ಜರ್‌ಗಳೂ ಇವೆ. ಕೂರಿಸುವ ಮೊದಲೇ ತೆಗೆಯಿರಿ. ಪರೀಕ್ಷಾ ಪ್ರಮಾಣಪತ್ರದಲ್ಲಿ ಇನ್ಸುಲೇಷನ್ ರೋಧ, ಅರ್ತ್ ಅಳತೆ, ಆರ್‌ಸಿಸಿಬಿ ಬೀಳುವ ಸಮಯ ಇವುಗಳ ಅಂಕಿಗಳಿರಬೇಕು, ಬರಿಯ ‘ಸರಿಯಿದೆ’ ಸಾಲದು.

ತಿರಸ್ಕಾರಕ್ಕೆ ತಾರೀಖಿನ ನಂತರದ ದೊಡ್ಡ ಕಾರಣ ಹೆಸರು. ವಿದ್ಯುತ್ ಸಂಪರ್ಕ ತಂದೆಯ ಹೆಸರಿನಲ್ಲಿ, ಕಾರು ಮಗಳ ಹೆಸರಿನಲ್ಲಿ, ಬಿಲ್ಲು ಅಳಿಯನ ಹೆಸರಿನಲ್ಲಿ, ಬ್ಯಾಂಕ್ ಖಾತೆ ಇನ್ಯಾರದೋ. ಮನೆಯವರಿಗೆ ಇದೆಲ್ಲ ಒಂದೇ. ಕಡತ ನೋಡುವವರಿಗೆ ನಾಲ್ಕು ಜನ. ಅರ್ಜಿದಾರರು ಯಾರೆಂದು ಮೊದಲೇ ತೀರ್ಮಾನಿಸಿ, ಬಿಲ್ಲೂ ಪಾವತಿಯೂ ಅವರ ಹೆಸರಿನಲ್ಲೇ ಇರಲಿ. ನಗದು ಕೊಡಬೇಡಿ, ಬ್ಯಾಂಕಿನ ಮೂಲಕ ಕೊಡಿ. ಎರಡು ಯೋಜನೆಗಳಿಂದ ಹಣ ಪಡೆಯುವುದಾದರೆ ಎರಡೂ ಸೇರಿ ಖರ್ಚನ್ನು ಮೀರಬಾರದು ಎಂಬ ಷರತ್ತು ಸಾಮಾನ್ಯ.

ಅನುದಾನ ಮುಗಿದರೆ ಅರ್ಹತೆಯಿದ್ದೂ ಪ್ರಯೋಜನವಿಲ್ಲ. 2023ರ ಸೆಪ್ಟೆಂಬರ್ 26ರಂದು ಜರ್ಮನಿ ಸೌರ ಫಲಕ, ಬ್ಯಾಟರಿ ಮತ್ತು ಚಾರ್ಜರ್ ಒಟ್ಟಿಗೆ ಹಾಕುವವರಿಗೆಂದು ತೆರೆದ ಯೋಜನೆಯಲ್ಲಿ ಆ ವರ್ಷದ 30 ಕೋಟಿ ಯೂರೊ ಒಂದೇ ದಿನದಲ್ಲಿ ಖಾಲಿಯಾಯಿತು. ಹಾಗಾಗಿ ಅರ್ಜಿ ತೆರೆಯುವ ಮೊದಲೇ ಗುರುತಿನ ಚೀಟಿ, ವಿದ್ಯುತ್ ಬಿಲ್ಲು, ವಾಹನ ನೋಂದಣಿ, ಒಪ್ಪಿಗೆ ಪತ್ರ, ಕೊಟೇಶನ್ ಇವೆಲ್ಲ ಕೇಳಿದ ಗಾತ್ರದ ಪಿಡಿಎಫ್ ಆಗಿ ಒಂದೇ ಫೋಲ್ಡರ್‌ನಲ್ಲಿರಲಿ.

ತಿರಸ್ಕಾರ ಪತ್ರ ಬಂದರೆ ಅದರಲ್ಲಿ ಉಲ್ಲೇಖಿಸಿದ ಷರತ್ತಿನ ಸಂಖ್ಯೆ ನೋಡಿ. ಕಾಗದ ಕಡಿಮೆಯಿದೆ ಎಂದಾದರೆ ಮೇಲ್ಮನವಿಯ ಗಡುವಿನೊಳಗೆ ಕೊಟ್ಟು ಸರಿಪಡಿಸಬಹುದು. ಬಿಲ್ಲಿನಲ್ಲಿ ಮಾದರಿ ಸಂಖ್ಯೆ ತಪ್ಪಿದ್ದರೆ ಅಂಗಡಿಯವರಿಂದ ತಿದ್ದಿದ ಬಿಲ್ಲು, ಜೊತೆಗೆ ಫಲಕದ ಫೋಟೊ ಕಳಿಸಿ. ಮಂಜೂರಾತಿಗೆ ಮುನ್ನವೇ ಕೊಂಡದ್ದು ಎಂಬ ಕಾರಣವಾದರೆ ಮೇಲ್ಮನವಿಗೆ ಸಮಯ ಹಾಳುಮಾಡಬೇಡಿ. ತೆರಿಗೆ ರಿಯಾಯಿತಿ ಅಥವಾ ವಿದ್ಯುತ್ ಕಂಪನಿಯ ಪ್ರತ್ಯೇಕ ಚಾರ್ಜಿಂಗ್ ದರಕ್ಕೆ ಅದೇ ಬಿಲ್ಲು ನಡೆಯುತ್ತದೆಯೇ ಎಂದು ವಿಚಾರಿಸಿ.