ಕವಡೆಯಂಥ ಒಂದು ಎಲುಬು

ಜಲ್ಲಿಯ ನಡುವೆ ಸಿಕ್ಕಾಗ ಅದು ಕಲ್ಲಾದ ಕವಡೆ ಅಂದುಕೊಂಡೆ. ಹೆಬ್ಬೆರಳಿಗಿಂತ ಚೂರು ದಪ್ಪ, ಕಡುಗಂದು ಬಣ್ಣ. ಒಂದು ಪಕ್ಕ ಉಬ್ಬಿತ್ತು, ಇನ್ನೊಂದು ಪಕ್ಕ ತುಟಿ ಒಳಕ್ಕೆ ಸುರುಳಿ ಸುತ್ತಿದಂತೆ ಒಂದು ಸೀಳು. ಗಾತ್ರ ನೋಡಿದರೆ ಇಷ್ಟು ಭಾರ ಇರಬಾರದಿತ್ತು.

ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಹಿಡಿದೆ. ಒಡೆದ ಅಂಚಿನಲ್ಲಿ ಚಿಪ್ಪಿನ ಪದರಗಳಿಲ್ಲ. ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು, ರಕ್ತನಾಳಗಳ ದಾರಿ. ಹಾಗಾದರೆ ಎಲುಬೇ. ಆದರೆ ಎಲುಬು ಒಡೆದರೆ ಒಳಗೆ ಸ್ಪಂಜಿನಂತಿರಬೇಕಲ್ಲ? ಇದು ಪಿಂಗಾಣಿಯಂತೆ ಗಟ್ಟಿ. ತೂಗಿದೆ: 31 ಗ್ರಾಂ. ನೀರಿಗೆ ಹಾಕಿದರೆ ಏರಿದ್ದು 12 ಮಿಲಿ. ಸಾಂದ್ರತೆ ಸುಮಾರು 2.6. ಸುಳಿವು ಸಿಕ್ಕಿತು ಎಂದು ಕುಣಿದಾಡಿದೆ. ಸ್ಫಟಿಕಶಿಲೆಯದೂ 2.65 ಎಂದು ಹೊಳೆದದ್ದು ಆಮೇಲೆ. ಖನಿಜ ತುಂಬಿಕೊಂಡ ಯಾವ ಎಲುಬಾದರೂ ಹೀಗೆ ತೂಗಬಹುದು. ಆ ಲೆಕ್ಕದಿಂದ ಏನೂ ಗಿಟ್ಟಲಿಲ್ಲ.

ಸೀಳಿನೊಳಗಿನ ಗಟ್ಟಿ ಮಣ್ಣು ಬಿಡಿಸಲು ವಿನೆಗರ್‌ನಲ್ಲಿ ಅದ್ದಿದ್ದು ನನ್ನ ದಡ್ಡತನ. ಮಣ್ಣಿನ ಜೊತೆ ಎಲುಬಿನ ಅಂಚೂ ಸುಣ್ಣದಂತೆ ಬಿಳುಚಿತು. ಆ ಗುರುತು ಈಗಲೂ ಇದೆ. ಉಳಿದದ್ದನ್ನು ಬಿದಿರಿನ ಕಡ್ಡಿ, ನೀರು ಹಿಡಿದುಕೊಂಡು ಎರಡು ಸಂಜೆ ಕೂತು ತೆಗೆದೆ.

ನಂತರ ಮೂರು ವಾರ ಚಿತ್ರಗಳನ್ನು ತಿರುವಿ ಹಾಕಿದೆ. ಆಮೆಯೇ, ಮೊಸಳೆಯೇ, ಘೇಂಡಾಮೃಗದ ಕಾಲಿನ ಗೆಣ್ಣೇ? ನಾನು ಎಡವಿದ್ದು ಇಲ್ಲೇ. ದೇಹದ ಯಾವ ಭಾಗ ಎಂದು ಗೊತ್ತಾಗುವ ಮೊದಲೇ ಯಾವ ಪ್ರಾಣಿ ಎಂದು ಹುಡುಕುತ್ತಿದ್ದೆ. ಒಂದು ದಿನ ಎಲ್ಲ ಬದಿಗಿಟ್ಟು ಇದರಲ್ಲಿ ಏನೇನಿಲ್ಲ ಎಂದು ಬರೆದೆ. ಕೀಲಿನ ನಯವಾದ ಮುಖವಿಲ್ಲ, ಕೈಕಾಲಿನದಲ್ಲ. ಹುರಿ ಹಾಯುವ ತೂತಿಲ್ಲ, ಬೆನ್ನೆಲುಬಲ್ಲ. ಹಲ್ಲಿನ ಗುಳಿಯಿಲ್ಲ. ಉಳಿದದ್ದು ಟೊಳ್ಳು, ಅದನ್ನು ಸುತ್ತಿದ ಗೋಡೆ. ಸಸ್ತನಿಗಳಲ್ಲಿ ಹೀಗೆ ಗಾಳಿಯನ್ನು ಸುತ್ತಿಕೊಂಡ ಬಿಡಿ ಎಲುಬು ಎಂದರೆ ನಡುಗಿವಿಯ ಬುಲ್ಲಾ. ಅದರ ಒಳಬದಿಯ ತುಟಿ ಇಷ್ಟು ದಪ್ಪವಾಗಿದ್ದರೆ ತಿಮಿಂಗಿಲದ ಕಡೆಯದೇ.

ಆ ತುಟಿಗೆ ಇನ್ವೊಲ್ಯೂಕ್ರಮ್ ಎನ್ನುತ್ತಾರೆ. ಭೂವಿಜ್ಞಾನಿ ಎ. ರಂಗರಾವ್ 1971ರಲ್ಲಿ ಹೆಸರಿಟ್ಟ ಅಳಿದ ಪ್ರಾಣಿ ಇಂಡೋಹಯಸ್‌ನ ಗುಟ್ಟು ಬಿಟ್ಟುಕೊಟ್ಟದ್ದೂ ಅದೇ. ಜಮ್ಮು-ಕಾಶ್ಮೀರದ ಕಾಲಾಕೋಟ್‌ನಿಂದ ಅವರು ತಂದಿಟ್ಟಿದ್ದ ಬಂಡೆಗಳನ್ನು ಅವರ ಕಾಲಾನಂತರ ಪಳೆಯುಳಿಕೆ ತಜ್ಞ ಹಾನ್ಸ್ ತೆವಿಸನ್ ತಂಡ ಬಿಡಿಸುತ್ತಿದ್ದಾಗ ಕಿವಿಯ ಎಲುಬೊಂದು ಕೈತಪ್ಪಿ ಮುರಿಯಿತು. ಮುರಿದಲ್ಲಿ ಕಂಡಿತು ದಪ್ಪ ತುಟಿ. ಗೊರಸಿನ ಆ ಪುಟ್ಟ ಪ್ರಾಣಿ ತಿಮಿಂಗಿಲಗಳ ನೆಂಟ ಎಂದು 2007ರಲ್ಲಿ ಅವರು ಪ್ರಕಟಿಸಿದರು. ಓದಿದ ಮೇಲೆ ನನ್ನ ವಿನೆಗರ್ ಪಾಪ ಕೊಂಚ ಹಗುರಾಯಿತು.

ಒಬ್ಬ ತಜ್ಞರಿಗೆ ಚಿತ್ರ ಕಳಿಸಿದೆ. ಹಳದಿ ಬೆಳಕು, ಒಂದೇ ಕೋನ, ಅಳತೆಪಟ್ಟಿ ಇಲ್ಲ. "ತಿರುಗಿಸಿ ತೋರಿಸಿ" ಎಂದರು. ಆರೂ ಬದಿಯಿಂದ, ಓರೆ ಬೆಳಕಿನಲ್ಲಿ, ಪಟ್ಟಿ ಇಟ್ಟು ಮತ್ತೆ ತೆಗೆದೆ. ಓರೆ ಬೆಳಕಿಗೆ ಹಿಂಬದಿಯ ಎರಡು ಉಬ್ಬುಗಳೂ ನಡುವಿನ ತೋಡೂ ಎದ್ದು ಕಂಡವು. ಹಲ್ಲುಳ್ಳ ತಿಮಿಂಗಿಲದ್ದು, ಎಡಕಿವಿ ಎಂದರು. ಜಾತಿ ಹೇಳಲು ಇದೊಂದೇ ಸಾಲದಂತೆ. ಈ ಗುಂಪಿನಲ್ಲಿ ಕಿವಿಯ ಎಲುಬು ತಲೆಬುರುಡೆಗೆ ಬಿಗಿಯಾಗಿ ಬೆಸೆದಿರುವುದಿಲ್ಲ, ನೀರಿನಲ್ಲಿ ಸದ್ದಿನ ದಿಕ್ಕು ತಿಳಿಯಲು ಅದು ಬೇರೆಯಾಗಿರಬೇಕು. ದೇಹ ಕೊಳೆತಾಗ ಕಳಚಿ ಬೀಳುತ್ತದೆ, ಗಟ್ಟಿ ಇರುವುದರಿಂದ ಉಳಿಯುತ್ತದೆ.

"ಜೊತೆಗಿದ್ದ ಪೆರಿಯೋಟಿಕ್ ಸಿಗಲಿಲ್ಲವೇ?" ಎಂದು ಕೊನೆಗೆ ಕೇಳಿದರು. ಅದು ಒಳಗಿವಿಯನ್ನು ಸುತ್ತಿಕೊಂಡ ಎಲುಬು, ಜಾತಿ ತಿಳಿಯಲು ಬುಲ್ಲಾಗಿಂತ ಅದೇ ವಾಸಿ. ನನಗೆ ಅದರ ಹೆಸರೇ ಗೊತ್ತಿರಲಿಲ್ಲ. ಅದೇ ದಿನ, ಅದೇ ಜಲ್ಲಿಯಲ್ಲಿ ಗಂಟುಗಂಟಾದ ಒಂದು ಕರಿಗಲ್ಲು ಎತ್ತಿಕೊಂಡು, ನೋಡಿ, ದೂರ ಎಸೆದಿದ್ದೆ.