ಎರೆ ಹೊಲದಲ್ಲಿ ಗುಂಡಿ ಬಲೆ: ಮೂರನೇ ಹಿಂಗಾರಿಗೆ ಕೈಹತ್ತಿತು

ಗುಂಡಿ ಬಲೆ ಅಂದರೆ ಬಾಯಿ ನೆಲಕ್ಕೆ ಸಮ ಬರುವ ಹಾಗೆ ಹೂತ ಲೋಟ, ನೆಲದ ಮೇಲೆ ಓಡಾಡುವ ಹುಳ ಅದರಲ್ಲಿ ಬೀಳುತ್ತವೆ. ಬಿರುಕು ಬಿಡುವ ಎರೆ ಮಣ್ಣಿನಲ್ಲಿ ಅದು ನಿಲ್ಲೋದಿಲ್ಲ ಅಂತ ನನಗೆ ಹೇಳದವರಿಲ್ಲ. ಎರಡು ಹಿಂಗಾರು ಅವರ ಮಾತೇ ಖರೆ ಆಯಿತು. ಮೂರನೆಯದಕ್ಕೆ ನಿಂತಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಹೊಲ ತಾಳಿಕೋಟೆ ಕಡೆ, ಡೋಣಿ ಹೊಳೆಯ ದಂಡೆಗೆ. ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಅಂತಾರಲ್ಲ, ಅದೇ ಮಣ್ಣು. ಕಡಲೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆದ ಹೊಲದಲ್ಲಿ ನೆಲದ ಮೇಲೆ ಓಡಾಡುವ ಜೇಡ, ಕರಿದುಂಬಿ ಎಷ್ಟು ಉಳಿಯುತ್ತವೆ, ಹೊಡೆಯದ ಹೊಲದಲ್ಲಿ ಎಷ್ಟು? ಕಾಯಿ ಕೊರೆಯುವ ಹುಳ ಮಣ್ಣಿಗಿಳಿದು ಕೋಶವಾಗುವಾಗ ಅದನ್ನು ತಿನ್ನುವವರಲ್ಲಿ ಇವೂ ಸೇರಿವೆ. ನನಗೆ ಬೇಕಾಗಿದ್ದದ್ದು ಆ ಲೆಕ್ಕ. ಅಣ್ಣ ಮಾತ್ರ, ‘ಹುಳ ಎಣಿಸಿದ್ರ ಹಗೇವು ತುಂಬತೈತೇನೋ ತಮ್ಮಾ?’ ಅಂದ.

ಮೊದಲ ವರ್ಷ ಮಜ್ಜಿಗೆ ಲೋಟಗಳನ್ನು ನೇರ ಮಣ್ಣಿನಲ್ಲಿ ಹೂತೆ. ಡಿಸೆಂಬರ್ ತನಕ ಚಲೋ ಬಿದ್ದವು. ಆಮೇಲೆ ಹೊಲ ಬಾಯಿ ಬಿಡತೊಡಗಿತು. ಒಂದು ರಾತ್ರಿ ಬ್ಯಾಟರಿ ಹಿಡಿದು ಲೋಟದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಬೆರಳಗಲದ ಜೇಡವೊಂದು ಅಂಚಿಗೆ ಬಂತು, ಮುಂಗಾಲಿಂದ ಪ್ಲಾಸ್ಟಿಕ್ ಮುಟ್ಟಿ ನೋಡಿತು, ಪಕ್ಕಕ್ಕೆ ಸರಿದು ಲೋಟಕ್ಕೂ ಮಣ್ಣಿಗೂ ನಡುವಿನ ಬಿರುಕಿನಲ್ಲಿ ಇಳಿದುಹೋಯಿತು. ಅರ್ಧ ತಾಸಿನಲ್ಲಿ ಮೂರು ಹಾಗೆ ಹೋದವು. ಸಾಲದ್ದಕ್ಕೆ ಬೆಲ್ಲದ ನೀರು ಹಾಕಿದ್ದೆ. ಲೋಟದ ತುಂಬ ಇರುವೆ. ಈಗ ಉಪ್ಪುನೀರು, ಒಂದು ಹನಿ ಸೋಪಿನ ನೀರು, ಅಷ್ಟೇ. ಮೇಲೆ ಮೂರು ಕಲ್ಲಿಟ್ಟು ಒಡೆದ ಹೆಂಚು ಮುಚ್ಚುತ್ತೇನೆ.

ಎರಡನೇ ವರ್ಷ ಪಿವಿಸಿ ಪೈಪಿನ ತುಂಡು ಹೂತು ಅದರೊಳಗೆ ಲೋಟ ಇಳಿಬಿಟ್ಟೆ. ಮಣ್ಣು ಕುಗ್ಗಿ ಪೈಪಿನಿಂದ ಬೆರಳಗಲ ದೂರ ಸರಿಯಿತು. ಅದಕ್ಕಿಂತ ದೊಡ್ಡ ತಪ್ಪು ಲೆಕ್ಕದ್ದು. ಎಣ್ಣೆ ಹೊಡೆದ ಒಂದೇ ಹೊಲದಲ್ಲಿ ಹದಿನೈದು ಲೋಟ, ಹೊಡೆಯದ ಒಂದೇ ಹೊಲದಲ್ಲಿ ಹದಿನೈದು ಇಟ್ಟು, ಮೂವತ್ತು ಮಾದರಿ ಅಂತ ಬೀಗಿದ್ದೆ. ಪರಿಚಯದ ಪ್ರಾಧ್ಯಾಪಕರೊಬ್ಬರು ನೋಡಿ, ‘ಇವು ಮೂವತ್ತಲ್ಲರೀ, ಎರಡೇ ಹೊಲ’ ಅಂದರು. ಒಂದೇ ಹೊಲದ ಲೋಟಗಳು ಎಷ್ಟಿದ್ದರೂ ಆ ಒಂದು ಹೊಲದ ಮಾತನ್ನೇ ಹೇಳುತ್ತವೆ, ಫರಕು ಎಣ್ಣೆಯದೋ ಹೊಲದ್ದೋ ತಿಳಿಯೋದಿಲ್ಲ. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲೇ ಈ ತಪ್ಪಿಗೆ ಹೆಸರಿಟ್ಟು ಬರೆದಿದ್ದಾರೆ, ನಾನು ಓದಿರಲಿಲ್ಲ. ಎರಡು ವರ್ಷಕ್ಕೆ ಮೂರು ಸಾವಿರದಷ್ಟು ರೊಕ್ಕ ನೀರಿಗೆ ಹೋಯಿತು. ಮನೆಯಲ್ಲಿ ಸಾಕು ಮಾಡು ಅಂದರು.

ಮೂರನೇ ಸಲ ಪೈಪಿನ ಸುತ್ತ ಒಂದು ಗೇಣು ಎರೆ ತೆಗೆದು ಗರಸು, ಉಸುಕು ಕಲಸಿ ಬಡಿದೆ. ಗರಸು ಕುಗ್ಗೋದಿಲ್ಲ, ಬಿರುಕು ಬಂದರೂ ಆ ಬಳೆಯ ಹೊರಗೆ ಬರುತ್ತದೆ. ಮೇಲೆ ತೆಳ್ಳಗೆ ಎರೆಪುಡಿ ಉದುರಿಸಬೇಕು, ಇಲ್ಲದಿದ್ದರೆ ಅಲ್ಲಿ ಮಾತ್ರ ನೆಲ ಕೆಂಪಗೆ ಕಾಣುತ್ತದೆ. ಕಲಸುವಾಗ ಇನ್ನೊಂದು ಸಾಮಾನು ಸೇರಿಸುತ್ತೇನೆ, ಅದನ್ನೂ ಪ್ರಮಾಣವನ್ನೂ ಸದ್ಯ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಹೂತ ಕೂಡಲೇ ಎಣಿಸಬೇಡಿ. ಕೆದರಿದ ಮಣ್ಣಿಗೆ ಹುಳ ಹೆಚ್ಚು ಬರುತ್ತವೆ. ನಾನು ಹತ್ತು ದಿನ ಮುಚ್ಚಳ ಹಾಕಿ ಬಿಡುತ್ತೇನೆ.

ಈ ಸಲ ಹೊಲ ಹನ್ನೆರಡು, ಹೊಡೆದದ್ದು ಆರು, ಹೊಡೆಯದ್ದು ಆರು, ಹೊಲಕ್ಕೆ ಐದು ಲೋಟ. ಪೈಪು, ಲೋಟ, ಉಪ್ಪು, ಗರಸಿನ ಬಾಡಿಗೆ ಎಲ್ಲ ಸೇರಿ ನಾಲ್ಕು ಸಾವಿರ ಒಳಗೆ. ಹದಿನೈದು ದಿನಕ್ಕೊಮ್ಮೆ ಮೂರು ರಾತ್ರಿ ತೆರೆದಿಟ್ಟೆ. ನೆನಪಿನಿಂದ ಹೇಳೋದಾದರೆ, ಹೊಡೆಯದ ಹೊಲಕ್ಕೆ ಸರಾಸರಿ ಎಂಟೊಂಬತ್ತು ಜೇಡ, ಹೊಡೆದದ್ದಕ್ಕೆ ಮೂರು ನಾಲ್ಕು. ಇರುವೆಯಲ್ಲಿ ಅಂತಹ ಫರಕು ಇಲ್ಲ. ಒಂದು ಹೊಲ ಮಾತ್ರ ತಿರುಗಾ ಹೊಡೆಯಿತು: ಎಣ್ಣೆ ಹೊಡೆದರೂ ಜೇಡ ಬಹಳ. ಹೋಗಿ ನೋಡಿದರೆ ಪಕ್ಕದ ಬದುವಿನಲ್ಲಿ ಮೊಣಕಾಲೆತ್ತರ ಹುಲ್ಲು, ಬನ್ನಿ ಗಿಡ. ಹುಳಗಳು ಅಲ್ಲಿಂದ ಬರುತ್ತಿರಬೇಕು, ಮುಂದಿನ ವರ್ಷ ಬದುವಿನಲ್ಲೂ ಲೋಟ ಇಡುತ್ತೇನೆ. ಚಳಿ ಬಿದ್ದ ರಾತ್ರಿ ಎಲ್ಲ ಕಡೆ ಕಡಿಮೆ. ಲೋಟ ತೋರಿಸುವುದು ಎಷ್ಟು ಓಡಾಡಿದವು ಅನ್ನುವುದನ್ನು, ಅದಕ್ಕೆ ಎರಡೂ ಬಗೆಯ ಹೊಲ ಒಂದೇ ರಾತ್ರಿ ತೆರೆಯಬೇಕು.

ನಡುವೆ ದುಂಬಿ ಎಷ್ಟಿವೆ ನೋಡೋಣ ಅಂತ ಒಣ ಲೋಟದಲ್ಲಿ ಹಿಡಿದ ಅರವತ್ತಕ್ಕೆ ಬೆನ್ನ ಮೇಲೆ ಉಗುರುಬಣ್ಣದ ಚುಕ್ಕಿ ಇಟ್ಟು ಬಿಟ್ಟೆ. ಮುಂದಿನ ಸಲ ಬಿದ್ದ ನಲವತ್ತೆಂಟರಲ್ಲಿ ಚುಕ್ಕಿಯವು ಏಳು. ಬಿದ್ದವುಗಳಲ್ಲಿ ಚುಕ್ಕಿಯವು ಎಷ್ಟು ಪಾಲೋ ಅಲ್ಲಿರುವ ಎಲ್ಲ ದುಂಬಿಗಳಲ್ಲೂ ಅಷ್ಟೇ ಪಾಲು ಅಂತ ಹಿಡಿದು, ಅರವತ್ತನ್ನು ನಲವತ್ತೆಂಟರಿಂದ ಗುಣಿಸಿ ಏಳರಿಂದ ಭಾಗಿಸಿದರೆ ನಾನೂರರ ಮೇಲೆ. ಆದರೆ ಎರೆ ಮಣ್ಣಿಗೆ ಉಜ್ಜಿ ಬಣ್ಣ ಉದುರುತ್ತದೆ. ಉದುರಿದಷ್ಟೂ ಲೆಕ್ಕ ಉಬ್ಬುತ್ತದೆ. ಹೆಂಡತಿಯ ಡಬ್ಬಿಯ ಎರಡು ಬಣ್ಣ ಪರೀಕ್ಷಿಸಿದೆ, ಕೆಂಪಿಗಿಂತ ಬಿಳಿ ತಡೆಯಿತು. ಹಕ್ಕಿ ಕೂಡಲಿ ಅಂತ ನೆಟ್ಟ ಕಟ್ಟಿಗೆಗಳ ಕೆಳಗೆ ಗೊಬ್ಬರದ ಚೀಲ ಹಾಸಿ ಹಿಕ್ಕೆಯನ್ನೂ ನೋಡಿದೆ, ಅದರಲ್ಲಿ ದುಂಬಿಯ ರೆಕ್ಕೆಕವಚ ಸಿಕ್ಕವು. ಯಾವ ದುಂಬಿ ಅಂತ ಇನ್ನೂ ಗುರುತಿಸುತ್ತಿದ್ದೇನೆ.

ಕಡಲೆ ಕಿತ್ತ ಮೇಲೆ ಕುಂಟೆ ಹೊಡೆಯುವ ಮೊದಲು ಪೈಪು ತೆಗೆಯಲೇಬೇಕು, ನನ್ನವು ನಾಲ್ಕು ಒಡೆದವು. ಬದುವಿನ ಕಲ್ಲಿನಿಂದ ಎಷ್ಟು ಹೆಜ್ಜೆ ಅಂತ ಬರೆದಿಡಿ, ಎರಡೇ ತಿಂಗಳಲ್ಲಿ ಜಾಗ ಮರೆತುಹೋಗುತ್ತದೆ. ಕೊನೆಯ ಸುತ್ತಿನಲ್ಲಿ ಹೆಜ್ಜೆ ಎಣಿಸಿ ಪೈಪು ಕಿತ್ತು ಕೊಟ್ಟವನು ಅಣ್ಣ.