ನೀರಿಲ್ಲದ್ದು ಮನೆಯಲ್ಲಿ, ನೀರಿರುವುದು ಅಂಗಡಿಯಲ್ಲಿ

ಸಾಬೂನು, ಮುಲಾಮು, ತಲೆಗೆ ಸೀಗೆಪುಡಿ ಎಲ್ಲ ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಅಂದ ಕೂಡಲೇ ಬರುವ ಪ್ರಶ್ನೆ, "ಹಾಗಾದ್ರೆ ಕ್ರೀಮೂ ನೀವೇ ಮಾಡ್ತೀರಾ?" ಇಲ್ಲ. ಕ್ರೀಮು, ಲೋಶನ್ನು, ಸನ್‌ಸ್ಕ್ರೀನ್ ಯಾವುದನ್ನೂ ಮಾಡುವುದಿಲ್ಲ. ನನ್ನದು ಒಂದೇ ಲೆಕ್ಕ. ನೀರು ಇಲ್ಲದ ವಸ್ತು ಮನೆಯಲ್ಲಿ, ನೀರು ಇರುವ ವಸ್ತು ಅಂಗಡಿಯಲ್ಲಿ.

ನೀರಿದ್ದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಲೋಳೆಸರದ ಲೋಳೆ ತೆಗೆದು, ಗುಲಾಬಿ ನೀರು ಸೇರಿಸಿ, ಎಣ್ಣೆ ಹಾಕಿ ಮಿಕ್ಸಿಯಲ್ಲಿ ತಿರುಗಿಸಿದರೆ ಚಂದದ ಕ್ರೀಮು ಆಗುತ್ತದೆ, ಸುಳ್ಳಲ್ಲ. ಆದರೆ ಮುಂಬೈ ಕಡೆಯ ಹವೆಯಲ್ಲಿ ಅದು ಉಳಿಯುವುದಿಲ್ಲ. ಕಣ್ಣಿಗೆ ಬೂಷ್ಟು ಕಾಣುವ ಹೊತ್ತಿಗೆ ಒಳಗೆ ಕಾಣದ್ದು ಎಷ್ಟೋ ಬೆಳೆದಿರುತ್ತದೆ. ಕೆಲವರು "ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿ, ಕೆಡೋದಿಲ್ಲ" ಅನ್ನುತ್ತಾರೆ. ವಿಟಮಿನ್ ಇ ಎಣ್ಣೆ ಕಮಟು ಬರುವುದನ್ನು ತಡಮಾಡುತ್ತದೆ, ಅಷ್ಟೆ. ಬ್ಯಾಕ್ಟೀರಿಯಾಕ್ಕೆ ಅದರ ಭಯ ಇಲ್ಲ. ಹಾಗಾಗಿ ನೀರಿರುವ ವಸ್ತುವಿಗೆ ಪ್ರಿಸರ್ವೇಟಿವ್ ಬೇಕೇ ಬೇಕು. ಅದನ್ನು ಸರಿಯಾಗಿ ಅಳೆದು, ಪರೀಕ್ಷೆ ಮಾಡಿ ಹಾಕುವ ಕೆಲಸ ಕಾರ್ಖಾನೆಗೇ ಇರಲಿ.

ಪರಿಸರದ ಕಡೆಯಿಂದ ನೋಡಿದರೂ ಈ ಲೆಕ್ಕ ಸರಿಹೋಗುತ್ತದೆ. ಶಾಂಪೂ, ಲೋಶನ್ ಬಾಟಲಿಯಲ್ಲಿ ಜಾಸ್ತಿ ಇರುವುದು ನೀರೇ. ಆ ನೀರಿಗೆ ಪ್ಲಾಸ್ಟಿಕ್ ಬಾಟಲಿ, ಆ ಬಾಟಲಿಗೆ ಲಾರಿ. ಇನ್ನು ಸ್ಯಾಶೆ ಇನ್ನೂ ಕೆಟ್ಟದ್ದು. ಪದರ ಪದರ ಅಂಟಿಸಿದ ಪ್ಲಾಸ್ಟಿಕ್ಕನ್ನು ಗುಜರಿ ಕೊಳ್ಳುವ ಭಂಗಾರವಾಲನೂ ತಗೊಳ್ಳುವುದಿಲ್ಲ. ಪ್ಲಾಸ್ಟಿಕ್ ಕೈಚೀಲಕ್ಕೆ ಮಹಾರಾಷ್ಟ್ರ 2018ರಲ್ಲೇ ನಿಷೇಧ ಹಾಕಿತು. ಶಾಂಪೂ ಸ್ಯಾಶೆ ಮಾತ್ರ ಇವತ್ತಿಗೂ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಕಿರಾಣಿ ಅಂಗಡಿಗಳ ಮುಂದೆ ತೋರಣದ ಹಾಗೆ ತೂಗುತ್ತಿದೆ.

ಮೊದಲು ಮುಲಾಮಿನ ಮಾತು, ಯಾಕೆಂದರೆ ಅದು ಎಲ್ಲಕ್ಕಿಂತ ಸುಲಭ. ನನ್ನ ತವರು ಶಿರಸಿ ಕಡೆ. ಅಲ್ಲಿ ಹಿಮ್ಮಡಿ ಒಡೆದರೆ, ತುಟಿ ಒಡೆದರೆ ಮುರುಗಲ (ಪುನರ್ಪುಳಿ, ಕೋಕಮ್) ತುಪ್ಪವೇ ಮದ್ದು. ಮುರುಗಲ ಹಣ್ಣಿನ ಸಿಪ್ಪೆ ಒಣಗಿಸಿ ಹುಳಿಗೆ ಇಟ್ಟುಕೊಂಡ ಮೇಲೆ ಬೀಜ ಉಳಿಯುತ್ತದಲ್ಲ, ಅದನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ಕುಟ್ಟಿ ನೀರಲ್ಲಿ ಕುದಿಸುತ್ತಾರೆ. ಕೊಬ್ಬು ಮೇಲೆ ತೇಲುತ್ತದೆ. ಆರಿದ ಮೇಲೆ ಗಟ್ಟಿಯಾದದ್ದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದು ಉಂಡೆ ಕಟ್ಟುತ್ತಾರೆ. ಬಿಳಿ ಅನ್ನಲಾಗದ, ಬೂದಿ ಅನ್ನಲಾಗದ ಬಣ್ಣ. ಉಂಡೆಯ ಮೇಲೆ ಬೆರಳಿನ ಗುರುತು ಹಾಗೇ ಇರುತ್ತದೆ. ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಕೈಗೆ ತಗೊಂಡರೆ ಕಲ್ಲು, ಚರ್ಮದ ಮೇಲೆ ಉಜ್ಜಿದರೆ ಕರಗುತ್ತದೆ. ಅದು ಕರಗುವುದು ಸುಮಾರು 38ರಿಂದ 40 ಡಿಗ್ರಿಯಲ್ಲಿ, ನಮ್ಮ ಮೈ ಬಿಸಿಯ ಆಸುಪಾಸು.

ಕೊಂಕಣದಲ್ಲೂ ಇದೇ ಪದ್ಧತಿ. ಪಕ್ಕದ ಮನೆ ವಹಿನಿಯ (ಮರಾಠಿಯಲ್ಲಿ ಅತ್ತಿಗೆ) ಊರು ಕುಡಾಳ. ಮೇ ರಜೆ ಮುಗಿಸಿ ಬರುವಾಗ ಹಲಸಿನ ಹಪ್ಪಳ, ಆಮಸೂಲಿನ (ಒಣಗಿಸಿದ ಮುರುಗಲ ಸಿಪ್ಪೆ) ಜೊತೆಗೆ ಕೋಕಮ್ ತೇಲ್, ಅಂದರೆ ಇದೇ ಮುರುಗಲ ತುಪ್ಪದ ಉಂಡೆಯನ್ನೂ ತರುತ್ತಾರೆ. "ಇದನ್ನ ಇಲ್ಲಿ ಯಾರು ಹಚ್ಕೋತಾರೆ ಹೇಳಿ, ಎಲ್ಲರಿಗೂ ಟ್ಯೂಬೇ ಬೇಕು" ಅನ್ನುತ್ತಾ ಕೊಡುತ್ತಾರೆ. ಊರಿನ ಆಸರೆ ಇಲ್ಲದವರಿಗೆ ದಾದರ್‌ನ ಕೊಂಕಣಿ ಮೇವಾ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ತಮಾಷೆ ಏನೆಂದರೆ, ಆರ್ಗ್ಯಾನಿಕ್ ಅಂಗಡಿಗೆ ಹೋದರೆ ಅವರು ಹೊಗಳಿ ತೋರಿಸುವುದು ಶಿಯಾ ಬಟರ್. ಅದು ಪಶ್ಚಿಮ ಆಫ್ರಿಕಾದಿಂದ ಹಡಗು ಹತ್ತಿ ಬರುವ ಕೊಬ್ಬು. ಒಳ್ಳೆಯದೇ, ನನ್ನ ತಕರಾರಿಲ್ಲ. ಆದರೆ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಟ್ಟುವ ಊರಲ್ಲಿ ಮುರುಗಲ ಬೀಜ ಎಷ್ಟೋ ಕಡೆ ಸುಮ್ನೆ ಬಿಸಾಡುತ್ತಿರುವಾಗ ಆಫ್ರಿಕಾದ್ದು ಯಾಕೆ?

ಮುಲಾಮಿಗೆ ನನ್ನ ಅಳತೆ ಹೀಗಿದೆ. 100 ಗ್ರಾಂಗೆ 60 ಗ್ರಾಂ ಗಾಣದ ಕೊಬ್ಬರಿ ಎಣ್ಣೆ, 20 ಗ್ರಾಂ ಮುರುಗಲ ತುಪ್ಪ, 20 ಗ್ರಾಂ ಜೇನುಮೇಣ. ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸ್ಟೀಲ್ ಬಟ್ಟಲಿಟ್ಟು ಮೊದಲು ಮೇಣ ಕರಗಿಸಬೇಕು. ಅದಕ್ಕೆ ಜಾಸ್ತಿ ಬಿಸಿ ಬೇಕು, ಸುಮಾರು 62 ಡಿಗ್ರಿ ದಾಟಬೇಕು. ಆಮೇಲೆ ತುಪ್ಪ, ಕೊನೆಗೆ ಎಣ್ಣೆ. ಬಟ್ಟಲಿಗೆ ಒಂದು ಹನಿ ನೀರೂ ಸಿಡಿಯಬಾರದು. ಡಬ್ಬಿಯೂ ಬಿಸಿಲಲ್ಲಿ ಒಣಗಿರಬೇಕು. ಹದ ನೋಡುವುದಕ್ಕೆ ಒಂದು ಚಮಚ ತೆಗೆದು ಫ್ರಿಜ್‌ನಲ್ಲಿಟ್ಟ ತಟ್ಟೆಯ ಮೇಲೆ ಬಿಡುತ್ತೇನೆ. ಉಗುರಿನಿಂದ ಕೆರೆದರೆ ಮೆತ್ತಗೆ ಬರಬೇಕು, ಚಕ್ಕೆ ಏಳಬಾರದು. ಚಕ್ಕೆ ಎದ್ದರೆ ಇನ್ನಷ್ಟು ಎಣ್ಣೆ. ಮುಂಬೈಯ ಡಿಸೆಂಬರ್, ಜನವರಿಗೆ ಮೇಣ 15 ಗ್ರಾಂ ಸಾಕು. ಮೇ ತಿಂಗಳಲ್ಲಿ ಕಡಿಮೆ ಮಾಡಿದರೆ ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಪರ್ಸ್ ಒಳಗೇ ಎಣ್ಣೆಯಾಗುತ್ತದೆ. ಡಬ್ಬಿಗೆ ನಾನು ಹೊಸದು ಕೊಳ್ಳುವುದಿಲ್ಲ. ಹಳೆಯ ಬಾಮ್ ಶೀಶೆ, ಪೆಪ್ಪರ್‌ಮಿಂಟಿನ ಚಿಕ್ಕ ತಗಡಿನ ಡಬ್ಬಿ ಎಲ್ಲ ನಡೆಯುತ್ತವೆ.

ಸಾಬೂನಿನದು ಬೇರೆ ಶಿಸ್ತು. ಅದಕ್ಕೂ ನೀರು ಹಾಕುತ್ತೇವೆ, ನಿಜ. ಆದರೆ ಆ ನೀರು ಒಣಗಿ ಹೋಗುತ್ತದೆ. ಮೇಲಾಗಿ ಸಾಬೂನಿನ ಕ್ಷಾರದಲ್ಲಿ ಬೂಷ್ಟು ಬೆಳೆಯುವುದಿಲ್ಲ. ಕಾಸ್ಟಿಕ್ ಸೋಡಾ (ಅಡುಗೆ ಸೋಡಾ ಅಲ್ಲ, ಚರ್ಮ ಸುಡುವಷ್ಟು ಜೋರಾದ ಕ್ಷಾರ) ಇಲ್ಲದೆ ಸಾಬೂನು ಇಲ್ಲ. "ಕೆಮಿಕಲ್ ಇಲ್ಲದ ಸಾಬೂನು" ಅಂತ ಮಾರುವವರಿಗೆ ಕೇಳಿ ನೋಡಿ, ಎಣ್ಣೆ ಸಾಬೂನಾದದ್ದು ಹೇಗೆ ಅಂತ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಸೇರಿ ಸಾಬೂನು, ಗ್ಲಿಸರಿನ್ ಎರಡೂ ಆಗುತ್ತವೆ. ಲೆಕ್ಕ ಸರಿಯಿದ್ದರೆ ಕೊನೆಗೆ ಸೋಡಾ ಉಳಿಯುವುದಿಲ್ಲ.

ಆ ಲೆಕ್ಕ ಕಣ್ಣಳತೆಯಲ್ಲಿ ಆಗುವುದಲ್ಲ. 100 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 18 ಗ್ರಾಂ ಸೋಡಾ ಬೇಕು. ಎಳ್ಳೆಣ್ಣೆಗೆ ಸುಮಾರು 13 ಸಾಕು. ಪ್ರತಿ ಎಣ್ಣೆಗೂ ಅದರದ್ದೇ ಸಂಖ್ಯೆ. ಕೂಡಿಸಿ ಬಂದದ್ದರಲ್ಲಿ ನೂರಕ್ಕೆ 5 ಕಡಿಮೆ ಹಾಕುತ್ತೇನೆ, ಆಗ ಸ್ವಲ್ಪ ಎಣ್ಣೆ ಸಾಬೂನಿನಲ್ಲೇ ಉಳಿದು ಚರ್ಮ ಒಣಗುವುದು ತಪ್ಪುತ್ತದೆ. ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಿಟಕಿ ತೆರೆದಿರಲಿ, ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮಕ್ಕಳು ಶಾಲೆಗೆ ಹೋದ ಮೇಲೆ ಶುರುಮಾಡಿ. ಅಲ್ಯುಮಿನಿಯಂ ಪಾತ್ರೆ ಮುಟ್ಟಬೇಡಿ. ಸೋಡಾ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಸ್ಟೀಲ್ ಪಾತ್ರೆಯೇ ಸರಿ.

ಪುಸ್ತಕದಲ್ಲಿ ಸಿಗದ ಮಾತೊಂದಿದೆ. ಮಳೆಗಾಲದಲ್ಲಿ ಇಲ್ಲಿ ಸಾಬೂನು ಮಾಡುವುದೇ ಬೇಡ. ಕಾಸ್ಟಿಕ್ ಸೋಡಾ ಗಾಳಿಯ ತೇವ ಹೀರುತ್ತದೆ. ಜುಲೈಯಲ್ಲಿ ಡಬ್ಬಿ ತೆರೆದು ಮುಚ್ಚುವಷ್ಟರಲ್ಲಿ ಕಾಳು ಬೆವರಿ ಒಂದಕ್ಕೊಂದು ಅಂಟಿರುತ್ತವೆ. ತಕ್ಕಡಿ ತೋರಿಸುವ ತೂಕದಲ್ಲಿ ನೀರೂ ಸೇರಿತಲ್ಲ, ಲೆಕ್ಕ ಕೆಟ್ಟ ಹಾಗೆಯೇ. ಒಣಗಲು ಇಟ್ಟ ಸಾಬೂನಿನದೂ ಅದೇ ಕಥೆ. ಅದರೊಳಗಿನ ಗ್ಲಿಸರಿನ್ ತೇವ ಎಳೆದುಕೊಂಡು ಮೇಲೆಲ್ಲ ಹನಿ ಮೂಡುತ್ತವೆ. ಹಾಗಾಗಿ ನಮ್ಮ ಮನೆಯಲ್ಲಿ ದೀಪಾವಳಿ ಆದ ಮೇಲೆ ಶುರು, ಮೇ ಒಳಗೆ ಮುಗಿಯಬೇಕು. ಕತ್ತರಿಸಿದ ಬಿಲ್ಲೆಗಳನ್ನು ಬಿದಿರಿನ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ 4ರಿಂದ 6 ವಾರ ಒಣಗಿಸುತ್ತೇನೆ. ಹಸಿ ಸಾಬೂನು ಬೇಗ ಕರಗುತ್ತದೆ.

ನೀರಿನ ವಿಷಯ ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. ಉಲ್ಹಾಸ ನದಿಯ ನಲ್ಲಿ ನೀರಿನಲ್ಲಿ ಚೆನ್ನಾಗಿ ನೊರೆ ಬರುವ ಸಾಬೂನು, ಬೋರ್‌ವೆಲ್ ಟ್ಯಾಂಕರ್ ಬಂದ ದಿನ ಬಕೆಟ್ ಅಂಚಿಗೆ ಬಿಳಿ ಕೆನೆ ಕಟ್ಟುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದುಬಿಡುತ್ತವೆ. ಕೊಬ್ಬರಿ ಎಣ್ಣೆ ಜಾಸ್ತಿ ಇದ್ದರೆ ಗಡಸು ನೀರಲ್ಲೂ ನೊರೆ ಬರುತ್ತದೆ. ಸೊಸೈಟಿಯಲ್ಲಿ ಟ್ಯಾಂಕರ್ ನೀರೇ ಗತಿ ಅನ್ನುವವರು ಎಣ್ಣೆ ಆರಿಸುವಾಗ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಮಾಡಲು ಪುರುಸೊತ್ತಿಲ್ಲದವರು ಕೊಳ್ಳುವಾಗ ಹಿಂದೆ ತಿರುಗಿಸಿ ಟಿಎಫ್ಎಂ ನೋಡಿ. ಅಂದರೆ ಅದರಲ್ಲಿರುವ ಒಟ್ಟು ಕೊಬ್ಬಿನ ಅಂಶ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಮೊದಲ ದರ್ಜೆಯ ಟಾಯ್ಲೆಟ್ ಸೋಪಿಗೆ ಕನಿಷ್ಠ 76 ಶೇಕಡಾ ಬೇಕು. ‘ಬೇದಿಂಗ್ ಬಾರ್’ ಅಂತ ಸಣ್ಣಗೆ ಬರೆದಿದ್ದರೆ 40 ಇದ್ದರೂ ನಡೆಯುತ್ತದೆ. ಮುಂದುಗಡೆ ಬೇವಿನೆಲೆಯ ಚಿತ್ರ ಎರಡರ ಮೇಲೂ ಒಂದೇ ಥರ ಇರುತ್ತದೆ. ಊರಿಂದ ಬರುವವರ ಹತ್ತಿರ ಮೈಸೂರ್ ಸ್ಯಾಂಡಲ್ ತರಿಸಿಕೊಳ್ಳುವ ಚಾಳಿ ನಮ್ಮ ಮುಂಬೈ ಕನ್ನಡಿಗರಿಗೆ ಇದೆಯಲ್ಲ, ಅದು ಸುಮ್ನೆ ಅಭಿಮಾನ ಅಲ್ಲ, ಕೊಬ್ಬಿನ ಲೆಕ್ಕದಲ್ಲೂ ಜಾಣತನವೇ.

ಸೀಗೆಪುಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆಲ್ಲ ಗೊತ್ತಿದ್ದದ್ದೇ. ಸೀಗೆಕಾಯಿ, ಅದರ ಅರ್ಧ ಅಂಟುವಾಳ, ಒಂದು ಹಿಡಿ ಮೆಂತ್ಯ, ಒಣಗಿದ ದಾಸವಾಳದ ಎಲೆ. ಕಷ್ಟ ಇರುವುದು ಬೀಸಿಸುವುದರಲ್ಲಿ. ಗೋಧಿ ಬೀಸುವ ಚಕ್ಕಿಯವನು ಮುಟ್ಟುವುದಿಲ್ಲ. ಸೀನೂ ಬರುತ್ತದೆ, ಮುಂದಿನವರ ಹಿಟ್ಟೂ ಕಹಿಯಾಗುತ್ತದೆ, ಪಾಪ ಅವನದು ತಪ್ಪಲ್ಲ. ಮಸಾಲೆ ಕುಟ್ಟುವ ಡಂಕದವರು ದಿನದ ಕೊನೆಗೆ ಒಪ್ಪುತ್ತಾರೆ. ಪುಡಿಯನ್ನು ಬಿಸಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ ಬರೀ ನೀರು ಬಳಸಿ. ಇಲ್ಲವಾದರೆ ತಲೆಯಲ್ಲೂ ಪುಡಿ ಉಳಿಯುತ್ತದೆ, ಬಚ್ಚಲ ನೀರು ಹೋಗುವ ನಹಾನಿ ಟ್ರ್ಯಾಪಿನಲ್ಲೂ ಕಟ್ಟಿಕೊಳ್ಳುತ್ತದೆ, ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ನೆನೆಸಿದ್ದು ಅವತ್ತಿಗೆ ಮಾತ್ರ. ನೀರು ಸೇರಿತಲ್ಲ!

ಇನ್ನು ಅಂಗಡಿಯಿಂದ ತರುವ ನೀರಿನ ವಸ್ತುಗಳು. ‘ಆರ್ಗ್ಯಾನಿಕ್’ ಅನ್ನುವ ಪದಕ್ಕೆ ನಾನು ಬೆಲೆ ಕೊಡುವುದಿಲ್ಲ. ತಿನ್ನುವ ಸಾಮಾನಿಗೆ ಜೈವಿಕ್ ಭಾರತ್ ಗುರುತು ಇದೆ, ಕ್ರೀಮಿಗೆ ಅದು ಅನ್ವಯಿಸುವುದಿಲ್ಲ. ನಾನು ನೋಡುವುದು ಹಿಂದಿನ ಪಟ್ಟಿ. 1 ಶೇಕಡಾಕ್ಕಿಂತ ಜಾಸ್ತಿ ಇರುವುದನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು ಅಂತ ನಿಯಮ. 1 ಶೇಕಡಾ ಮತ್ತು ಅದಕ್ಕಿಂತ ಕಡಿಮೆ ಇದ್ದದ್ದನ್ನು ಆಮೇಲೆ ಹೇಗೆ ಬೇಕಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಅನ್ನುವ ಪ್ರಿಸರ್ವೇಟಿವ್ ಬಹಳ ಕ್ರೀಮುಗಳಲ್ಲಿರುತ್ತದೆ, ಅದರ ಮಿತಿ 1 ಶೇಕಡಾ. ಪಟ್ಟಿಯಲ್ಲಿ ಅದು ಕಂಡ ಮೇಲೆ ಕೇಸರಿ, ಶ್ರೀಗಂಧ, ಕುಂಕುಮಾದಿ ಅಂತ ಬರುತ್ತಾ ಹೋದರೆ ಅವೆಲ್ಲ ಒಂದು ಶೇಕಡಾದೊಳಗಿನ ಅಲಂಕಾರ. ಮುಂದೆ ದೊಡ್ಡ ಅಕ್ಷರದಲ್ಲಿರುವ ಹೆಸರು ಅದೇ. ದುಡ್ಡು ಕೊಡುವುದೂ ಅದಕ್ಕೇ!

ಸನ್‌ಸ್ಕ್ರೀನ್ ಮಾತ್ರ ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಜಿಂಕ್ ಆಕ್ಸೈಡ್ ಪುಡಿ ಚಮಚದಿಂದ ಕಲಸಿದರೆ ಸಮನಾಗಿ ಹರಡುವುದಿಲ್ಲ, ಒಂದು ಕಡೆ ಇದೆ ಒಂದು ಕಡೆ ಇಲ್ಲ. ನಿಂಬೆ ರಸ ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗುವುದೂ ಬೇಡ. ಚರ್ಮ ಸುಟ್ಟ ಹಾಗೆ ಕಪ್ಪು ಕಲೆ ಬೀಳಬಹುದು.

ವಹಿನಿಗೆ ಗಣಪತಿ ಹಬ್ಬದ ಸ್ಟಾಲಿನಲ್ಲಿ ನನ್ನ ಮುಲಾಮು ಮಾರಿಸುವ ಆಸೆ. "ಐವತ್ತು ಡಬ್ಬಿ ಕೂಡಲೇ ಹೋಗುತ್ತೆ" ಅಂತಾರೆ. ಹೋಗಬಹುದು. ಆದರೆ ಮಾರುವುದಕ್ಕೆ ಮಾಡಿದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಮಹಾರಾಷ್ಟ್ರದಲ್ಲಿ ಅದನ್ನು ಕೊಡುವುದು ರಾಜ್ಯದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ. ಅಡುಗೆಮನೆಯ ಗ್ಯಾಸ್ ಒಲೆ ತೋರಿಸಿ ಲೈಸೆನ್ಸ್ ಕೇಳಲಾಗುವುದಿಲ್ಲ. ಅದಕ್ಕೇ ನಾನು ಕೊಡುತ್ತೇನೆ, ಮಾರುವುದಿಲ್ಲ. ವಹಿನಿ ಬದಲಿಗೆ ಕೋಕಮ್ ತೇಲ್ ತರುತ್ತಾರೆ, ವ್ಯವಹಾರ ಚುಕ್ತಾ.

ನಮ್ಮ ಮನೆಯಲ್ಲಿ ಈ ಲೆಕ್ಕಕ್ಕೆಲ್ಲ ಬಗ್ಗದೆ ಉಳಿದಿರುವುದು ಯಜಮಾನರ ತಲೆಗೂದಲ ಬಣ್ಣ. ಮದರಂಗಿ ಹಚ್ಚಿ ಅಂದರೆ "ಆಫೀಸಲ್ಲಿ ಕೆಂಪು ತಲೆ ಹೊತ್ಕೊಂಡು ಕೂರ್ಲಾ?" ಅನ್ನುತ್ತಾರೆ. ಅವರ ಮಾತೂ ಸರಿ. ಬರೀ ಮದರಂಗಿ ಕಪ್ಪು ಬಣ್ಣ ಕೊಡುವುದಿಲ್ಲ. ಕಪ್ಪು ಮೆಹಂದಿ ಅಂತ ಪೊಟ್ಟಣದಲ್ಲಿ ಬರುವುದರಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ ಬಣ್ಣವೇ ಇರುತ್ತದೆ. ಹೆಸರು ಮೆಹಂದಿಯದ್ದು, ಕೆಲಸ ಡೈಯದ್ದು. ಕೆಲವರಿಗೆ ಅದು ಜೋರಾಗಿ ಅಲರ್ಜಿ ಮಾಡುತ್ತದೆ. ಕೊನೆಗೆ ರಾಜಿ ಆಗಿರುವುದು ಇಷ್ಟಕ್ಕೆ: ಡೈ ಅಂತಲೇ ಬರೆದಿರುವ ಡೈ ತರುವುದು, ಪ್ರತಿ ಸಲ ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯುವುದು. ಹಚ್ಚುವ ಕೆಲಸ ಅವರದ್ದು, ಗಂಟೆ ಎಣಿಸುವ ಕೆಲಸ ನನ್ನದು.